ಬೆಕ್ಕಿಗೆ ಡ್ರೈ ಫುಡ್ಡೋ, ವೆಟ್ ಫುಡ್ಡೋ?

ಡ್ರೈ ಫುಡ್ ಅಂದರೆ ಒಣ ಕಾಳಿನಂಥದ್ದು; ವೆಟ್ ಫುಡ್ ಅಂದರೆ ಡಬ್ಬಿಯಲ್ಲೋ ಪೌಚ್‌ನಲ್ಲೋ ಬರುವ ಮೆತ್ತನೆಯ ಆಹಾರ. ಮೊದಲು ನೋಡಬೇಕಾದ್ದು ನೀರು. ವೆಟ್ ಫುಡ್‌ನಲ್ಲಿ ಸುಮಾರು 75–80% ನೀರೇ ಇರುತ್ತದೆ, ಡ್ರೈ ಫುಡ್‌ನಲ್ಲಿ 10% ಆಸುಪಾಸು. ಬೆಕ್ಕಿಗೆ ಬಾಯಾರಿಕೆ ಕಡಿಮೆ; ಬಟ್ಟಲು ತುಂಬ ನೀರಿಟ್ಟರೂ ಸುಮ್ನೆ ಎರಡು ಸಲ ನಾಲಿಗೆ ಆಡಿಸಿ ಹೋಗಿಬಿಡುತ್ತದೆ. ಅದರಲ್ಲೂ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಹಿಂದೆ ಅಂಥ ತೊಂದರೆ ಆಗಿದ್ದರೆ ನಾನಂತೂ ವೆಟ್ ಫುಡ್ಡೇ ಸರಿ ಅನ್ನುತ್ತೇನೆ, ಡಾಕ್ಟರನ್ನೂ ಕೇಳಿಕೊಳ್ಳಿ.

ಡ್ರೈ ಫುಡ್ ಅಗ್ಗ, ಬೇಗ ಕೆಡುವುದಿಲ್ಲ, ಹೊರಗೆ ಹೋಗುವಾಗ ಇಟ್ಟು ಹೋಗಬಹುದು. ಆದರೆ ಒಂದು ಹಿಡಿಯಲ್ಲೇ ಕ್ಯಾಲೊರಿ ಜಾಸ್ತಿ, ಅಳೆದೇ ಹಾಕಿ. ಅದರಿಂದ ಹಲ್ಲು ಕ್ಲೀನ್ ಆಗುತ್ತದೆ ಅನ್ನೋದನ್ನು ಅಷ್ಟಾಗಿ ನಂಬಬೇಡಿ. ವೆಟ್ ಫುಡ್ ತಟ್ಟೆಯಲ್ಲಿ ಹೆಚ್ಚು ಹೊತ್ತು ಬಿಡಬಾರದು. ಡಬ್ಬಿಯಲ್ಲಿ ಉಳಿದದ್ದು ಫ್ರಿಜ್‌ಗೆ.

ಎರಡನ್ನೂ ಕೊಡಬಹುದಲ್ವಾ? ಖಂಡಿತ. ಯಾವುದೇ ಆದರೂ ಪ್ಯಾಕ್ ಮೇಲೆ ‘ಕಂಪ್ಲೀಟ್’ ಅಂತ ಇರಲಿ, ಅಂದರೆ ಬೆಕ್ಕಿಗೆ ಬೇಕಾದ ಪೋಷಕಾಂಶವೆಲ್ಲ ಅದರಲ್ಲೇ ಇದೆ ಅಂತ. ಬದಲಾಯಿಸುವಾಗ ಒಂದು ವಾರ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ.