ಹೆಡ್‌ಲೈಟಿಗೆ ಆವಿ ಹಿಡಿಯುವವರ ಹತ್ತಿರ ಹೋಗಬೇಡಿ

ವಿಜಯಪುರದ ಬಿಸಿಲಲ್ಲಿ ಹತ್ತು ವರ್ಷ ಬಯಲಲ್ಲೇ ನಿಂತ ಗಾಡಿ ನಮ್ಮದು. ಹೆಡ್‌ಲೈಟ್ ಎರಡೂ ಕಾಮಾಲೆ ಕಣ್ಣಿನಂತಾಗಿದ್ದವು. ಜನವರಿಯಲ್ಲಿ ಸೋಲಾಪುರ ರಸ್ತೆ ಬದಿ ಒಬ್ಬ ಟೇಬಲ್ ಹಾಕಿಕೊಂಡು ಕೂತಿದ್ದ. "ಹತ್ತ ಮಿನಿಟ್ ನಿಂದರ್ರಿ ಸರ, ಶೋರೂಮಿಂದ ತಂದಂಗ ಮಾಡಿ ಕೊಡ್ತೀನಿ" ಅಂದ. ಎರಡಕ್ಕೂ ಸೇರಿ 600 ರೂಪಾಯಿ. ನಿಂತೆ.

ಒಣ ಪಾಲಿಶ್ ಪೇಪರಿನಿಂದ ಗರಗರ ಉಜ್ಜಿದ. ಆಮೇಲೆ ಕೊಳವೆ ಇದ್ದ ಸ್ಟೀಲ್ ಕಪ್ಪಿಗೆ ನೀರಿನಂಥದ್ದೇನೋ ಸುರಿದು ವೈರ್ ಸಿಕ್ಕಿಸಿದ. ಆವಿ ತಾಗಿದಲ್ಲೆಲ್ಲ ಮಸುಕು ಹೋಗಿ ಫಳಫಳ! ನಾನೂ ಬೆರಗಾದೆ, ಸುಳ್ಳೇಕೆ. ಸಿಹಿ ವಾಸನೆಗೆ ತಲೆ ಹಿಡಿದಿತ್ತು. ಮಗಳನ್ನು ಬೇರೆ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆ. ಇಂಥ ಕಪ್ಪಿಗೆ ಹಾಕುವುದು ಸಾಮಾನ್ಯವಾಗಿ ಡೈಕ್ಲೋರೋಮೀಥೇನ್ ಇಲ್ಲವೇ ಕ್ಲೋರೋಫಾರ್ಮ್, ಎರಡೂ ಪ್ಲಾಸ್ಟಿಕ್ ಕರಗಿಸುವ, ಉಸಿರಿಗೆ ವಿಷವಾದ ರಾಸಾಯನಿಕಗಳು ಎಂದು ತಿಳಿದದ್ದು ಆಮೇಲೆ.

ಒಂದು ತಿಂಗಳು ಚೆನ್ನಾಗಿತ್ತು. ಬಿಸಿಲೇರಿದಂತೆ ಲೆನ್ಸಿನಲ್ಲಿ, ಅಂದರೆ ಹೆಡ್‌ಲೈಟಿನ ಮುಂದಿನ ಪಾರದರ್ಶಕ ಮುಚ್ಚಳದಲ್ಲಿ, ಬೇಸಿಗೆಯ ಎರಿ ಹೊಲದಂತೆ ಸಣ್ಣ ಬಿರುಕು. ಬೆರಳಿಗೆ ತಾಗುವುದಿಲ್ಲ, ಆದರೆ ಬಲ್ಬ್ ಹತ್ತಿದರೆ ಬೆಳಕೆಲ್ಲ ಅಲ್ಲೇ ಚದುರುತ್ತದೆ. ಮಾರ್ಚಿನ ಒಂದು ರಾತ್ರಿ ಇಂಡಿಯಿಂದ ಬರುವಾಗ, ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ತೀರಾ ಹತ್ತಿರ ಬಂದ ಮೇಲೆ ಕಂಡಿತು. ಮನೆ ಮುಟ್ಟುವವರೆಗೆ ಹೆಂಡತಿ ಮಾತಾಡಲಿಲ್ಲ.

ಪರಿಚಯದ ಫಿಟ್ಟರ್ ಮುಖ ನೋಡಿ ನಕ್ಕ. "ಇದು ಗಾಜಲ್ರಿ ಕಾಕಾ, ಪಾಲಿಕಾರ್ಬೊನೇಟ್. ಮ್ಯಾಲಿನ ಕಂಪನಿ ಕೋಟಿಂಗ್ ಬಿಸಿಲಿಗೆ ಹೋಗಿತ್ತು. ಅಂವ ಪ್ಲಾಸ್ಟಿಕ್ಕನ್ನ ಕರಗಿಸಿ ನುಣುಪು ಮಾಡ್ಯಾನ, ಮ್ಯಾಲ ಏನೂ ಹಚ್ಚಿಲ್ಲ." ಬಿರುಕು ಆಳಕ್ಕೆ ಇಳಿದಿದ್ದರಿಂದ ಉಜ್ಜಿದರೂ ಹೋಗಲಿಲ್ಲ. ಕೊನೆಗೆ ಎರಡೂ ಹೆಡ್‌ಲೈಟ್ ಹೊಸವೇ ಹಾಕಿಸಿದೆ, 7,000 ದಾಟಿತು.

ಮಾಡಿಸುವವರು ಮೊದಲು ಲೆನ್ಸಿಗೆ ನೀರು ಹೊಡೆದು ನೋಡಿ. ಒದ್ದೆ ಇರುವಷ್ಟು ಹೊತ್ತು ಮಸುಕು ಮಾಯವಾದರೆ ದೋಷ ಮೇಲಷ್ಟೇ, ಉಜ್ಜಿದರೆ ಹೋಗುತ್ತದೆ. ಒದ್ದೆಯಲ್ಲೂ ಮಸುಕೇ ಇದ್ದರೆ ಒಳಗೆ ಕೆಟ್ಟಿರಬಹುದು, ದುಡ್ಡು ಹಾಕಬೇಡಿ. ಉಜ್ಜುವುದು ನೀರು ಹಾಕಿಯೇ: 800, 1000, 2000, 3000 ನಂಬರ್ ಪೇಪರ್, ಆಮೇಲೆ ಪಾಲಿಶ್, ಕೊನೆಗೆ ಯುವಿ ಕ್ಲಿಯರ್ ಕೋಟ್, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪ. ಆ ಕೋಟ್ ಇಲ್ಲದಿದ್ದರೆ ಕೆಲವೇ ತಿಂಗಳಿಗೆ ಮತ್ತೆ ಹಳದಿ. "ಕಡೀಗೆ ಏನ್ ಹಚ್ತೀರಿ?" ಅಂತ ಮೊದಲೇ ಕೇಳಿ; ತಡವರಿಸಿದರೆ ಗಾಡಿ ತಿರುಗಿಸಿ. ಟೂತ್‌ಪೇಸ್ಟ್ ಹಚ್ಚಿ ಅನ್ನುವವರೂ ಇದ್ದಾರೆ. ಅದೂ ನಾಲ್ಕು ದಿನದ ಹೊಳಪೇ.

ಈಗ ಮಧ್ಯಾಹ್ನ ಗಾಡಿ ನಿಲ್ಲಿಸಿದರೆ ಹೆಡ್‌ಲೈಟ್ ಮುಚ್ಚುವಂತೆ ಹಳೆಯ ಸೋಲಾಪುರ ಚಾದರ ಹೊದಿಸುತ್ತೇನೆ. ಓಣಿಯವರು "ಗಾಡಿಗೆ ಥಂಡಿ ಆಗ್ಯಾವೇನ್ರಿ?" ಅಂತ ಕೇಳುತ್ತಾರೆ.