ನಾಲ್ಕು ವರ್ಷ ಒಬುರಾಟೊ ಬಳಸಿದ ಮೇಲೆ

ಒಬುರಾಟೊ ಅಂದರೆ ಏನನ್ನಾದರೂ ಸುತ್ತಿ ತಿನ್ನಬಹುದಾದ ತೆಳು ಹಾಳೆ. ಅದರ ಮೊದಲ ಡಬ್ಬಿ ತಂದಿದ್ದು ಅಡುಗೆಗಲ್ಲ, ಮಗಳ ಔಷಧಿಗೆ. ನಾವಿರುವುದು ಜಪಾನಿನ ಯೊಕೊಹಾಮಾದಲ್ಲಿ. ಇಲ್ಲಿ ಮಕ್ಕಳಿಗೆ ಪುಡಿ ಔಷಧಿ ಕೊಡುವುದು ಜಾಸ್ತಿ. ಕಹಿ ಅಂತ ಅವಳು ಬಾಯಿ ಬಿಗಿ ಹಿಡಿದು ಕೂತಳು. ಔಷಧಿ ಅಂಗಡಿಯಾಕೆ ಒಂದು ಪುಟ್ಟ ಡಬ್ಬಿ ತೆಗೆದುಕೊಟ್ಟರು. ಒಳಗೆ ಈರುಳ್ಳಿಯ ಒಳಪೊರೆಯಂಥ ದುಂಡನೆಯ ಹಾಳೆಗಳು, ಒಂದೊಂದೂ 9 ಸೆಂಟಿಮೀಟರ್ ಅಗಲ.

ಆಲೂಗಡ್ಡೆ ಪಿಷ್ಟದ ಗಂಜಿಯನ್ನು ತೆಳ್ಳಗೆ ಹರಡಿ ಒಣಗಿಸಿದ್ದು, ಅಷ್ಟೇ. ನಾನು ತರುವುದರಲ್ಲಿ ಜೊತೆಗೆ ಸ್ವಲ್ಪ ಸೋಯಾ ಲೆಸಿಥಿನ್ ಇದೆ. ರುಚಿಯಿಲ್ಲ, ವಾಸನೆಯಿಲ್ಲ. ಜೆಲಾಟಿನ್ ಇಲ್ಲದ್ದು ನಮ್ಮಂಥ ಸಸ್ಯಾಹಾರಿಗಳಿಗೆ ಸಮಾಧಾನ.

ಮೊದಲ ದಿನವೇ ತಪ್ಪು ಮಾಡಿದೆ. ಪುಡಿ ಸುತ್ತಿ, ಒದ್ದೆ ಮಾಡದೆ ಹಾಗೇ ಮಗಳ ಬಾಯಿಗಿಟ್ಟೆ. ಅಂಗುಳಕ್ಕೆ ಅಂಟಿಕೊಂಡು, ಒಡೆದು, ಕಹಿಯೆಲ್ಲ ಹೊರಗೆ. ಪೊಟ್ಟಣವನ್ನು ಮೊದಲು ಬಟ್ಟಲಿನ ನೀರಲ್ಲಿ ಅದ್ದಬೇಕಂತೆ. ಹೊರಗಡೆ ಜೆಲ್ಲಿಯ ಹಾಗೆ ಆದ ತಕ್ಷಣ ಚಮಚದಲ್ಲಿ ಎತ್ತಿ ನುಂಗಿದರೆ ಸರ್ರನೆ ಇಳಿಯುತ್ತದೆ. ಈ ಮೆತ್ತನೆಯ ಹಾಳೆಯನ್ನು 1902ರಲ್ಲಿ ಮಿಎ ಪ್ರಾಂತ್ಯದ ವೈದ್ಯ ಕೊಬಾಯಾಶಿ ಮಸತಾರೊ ಕಂಡುಹಿಡಿದರು. ಅದಕ್ಕೂ ಮುಂಚೆ ಯುರೋಪಿನಿಂದ ಬರುತ್ತಿದ್ದದ್ದು ಗಟ್ಟಿ ಬಿಲ್ಲೆ. ಈಗ ಜಪಾನಿಗಳ ಮಾತಿನಲ್ಲೂ ಇದು ಸೇರಿಹೋಗಿದೆ. ಕಟುವಾದ್ದನ್ನು ಮೆತ್ತಗೆ ಹೇಳಿದರೆ ‘ಒಬುರಾಟೊದಲ್ಲಿ ಸುತ್ತಿ’ ಹೇಳಿದ ಹಾಗೆ. ನನ್ನ ಆಫೀಸಿನಲ್ಲಿ ಎಲ್ಲ ಮಾತೂ ಸುತ್ತಿಯೇ ಬರುತ್ತದೆ, ಬಿಚ್ಚುವುದಕ್ಕೇ ಅರ್ಧ ದಿನ ಬೇಕು.

ಅಡುಗೆಗೆ ಬಂದದ್ದು ಆಮೇಲೆ. ಕಾಗೊಶಿಮಾದ ಬೊಂತಾನ್ ಅಮೆ ಮಿಠಾಯಿಯ ಮೈಮೇಲಿನ ಪೊರೆಯನ್ನು ನಾನು ಪ್ಲಾಸ್ಟಿಕ್ ಅಂದುಕೊಂಡು ಉಗುರಿನಿಂದ ಕೆರೆಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದವರು ನಕ್ಕು, ಅದೂ ಒಬುರಾಟೊವೇ, ಹಾಗೇ ತಿನ್ನಿ ಅಂದರು. ಸ್ಪೇನಿನ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಶೆಫ್ ಫೆರಾನ್ ಆಡ್ರಿಯಾ ಇದನ್ನೇ ಪಾರದರ್ಶಕ ಪೊಟ್ಟಣ ಮಾಡಿ, ಬಿಸಿ ದ್ರವದಲ್ಲಿ ಅದ್ದಿ ತಿನ್ನುವ ತಿನಿಸು ಬಡಿಸಿದ್ದರು ಅಂತ ಓದಿದ ಮೇಲೆ ನನಗೂ ಹುಚ್ಚು ಹತ್ತಿತು.

ನಾನು ಮಾಡಿದ್ದು ಸಾರಿನ ಒಗ್ಗರಣೆ. ತುಪ್ಪಕ್ಕೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಹಾಕಿ ಆರಿಸಿದೆ. ಚಳಿಗಾಲದಲ್ಲಿ ತುಪ್ಪ ತಾನಾಗೇ ಗಟ್ಟಿಯಾಗುತ್ತದಲ್ವಾ, ಅದು ಅನುಕೂಲವೇ ಆಯಿತು. ಅರ್ಧ ಚಮಚ ಹಾಳೆಯ ಮೇಲಿಟ್ಟು, ಅಂಚುಗಳನ್ನು ಕೂಡಿಸಿ, ಬೆರಳಿನ ಒದ್ದೆಯಲ್ಲಿ ಮುಟ್ಟಿದರೆ ಅಂಟಿಕೊಳ್ಳುತ್ತದೆ. ಒದ್ದೆ ಅಂದರೆ ಬರೀ ಒದ್ದೆ. ಒಂದು ಹನಿ ಹೆಚ್ಚಾದರೆ ಅಲ್ಲೇ ತೂತು. ಕರಿಬೇವು ಹಾಕಿದ ದಿನ ಎಲೆಯ ತೇವಕ್ಕೇ ಮೂರು ಪೊಟ್ಟಣ ಹರಿದವು. ಬಿಸಿ ತಿಳಿಸಾರಿಗೆ ಬಿಟ್ಟಾಗ ಪೊಟ್ಟಣ ಒಂದು ಕ್ಷಣ ತೇಲಿತು, ಸುಕ್ಕಾಯಿತು, ಕಾಣದಾಯಿತು. ತುಪ್ಪದ ಕಣ್ಣುಗಳು ಸುತ್ತ ಹರಡಿಕೊಂಡವು. ಊರಿಂದ ಬಂದಿದ್ದ ಅಮ್ಮ ನೋಡಿ, “ಇಷ್ಟಕ್ಕೆ ಇಷ್ಟೆಲ್ಲಾ ಕೆಲಸವೇನೋ? ಸುಮ್ನೆ ಸೌಟಲ್ಲಿ ಸುರಿಯೋದಲ್ವಾ?” ಅಂದರು. ಆದರೂ ಎರಡನೇ ಬಟ್ಟಲಿಗೂ ಒಂದು ಕೇಳಿದರು.

ಒಳಗೆ ಹಾಕುವುದು ಒಣಪುಡಿ ಇರಬೇಕು, ಇಲ್ಲವೇ ಶುದ್ಧ ಎಣ್ಣೆ, ತುಪ್ಪ. ಚಟ್ನಿಪುಡಿ ಸರಿ, ಚಟ್ನಿ ಆಗದು. ಹಣ್ಣಿನ ರಸ, ಮೊಸರು ಅಂತೂ ಯೋಚಿಸಲೇಬೇಡಿ. ಎಣ್ಣೆ ತುಂಬುವುದಾದರೆ ಪ್ಲಾಸ್ಟಿಕ್ ಚೀಲ ಮುಚ್ಚುವ ಸೀಲರನ್ನು ಕಡಿಮೆ ಬಿಸಿಯಲ್ಲಿಟ್ಟು ಅಂಚು ಮುಚ್ಚುತ್ತೇನೆ, ಬೆರಳಿಗಿಂತ ಚೊಕ್ಕ.

ಮಗಳ ಊಟದ ಡಬ್ಬಿಗೆ ಇನ್ನೊಂದು ಉಪಯೋಗ. ಹಾಳೆಯ ಮೇಲೆ ತಿನ್ನುವ ಬಣ್ಣದಲ್ಲಿ ಬೆಕ್ಕೋ ಕರಡಿಯೋ ಬರೆದು ಚೀಸ್ ಮೇಲೆ ಇಡುವುದು. ಹಾಳೆ ಕರಗಿ ಚಿತ್ರ ಉಳಿಯುತ್ತದೆ. ಇಲ್ಲಿನ ತಾಯಂದಿರ ಕೈಚಳಕದ ಮುಂದೆ ನನ್ನ ಬೆಕ್ಕು ಇಲಿಯ ಹಾಗೆ ಕಾಣುತ್ತದೆ, ಆ ಮಾತು ಬೇರೆ.

ದೊಡ್ಡ ತೊಂದರೆ ಜೂನ್-ಜುಲೈ ಮಳೆ. ಒಮ್ಮೆ ಮುಚ್ಚಳ ಸರಿಯಾಗಿ ಹಾಕದೆ ಮಲಗಿದೆ. ಬೆಳಗ್ಗೆ ಎಪ್ಪತ್ತೋ ಎಂಬತ್ತೋ ಹಾಳೆ ಒಂದೇ ಮುದ್ದೆ. ಈಗ ಜಿಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ, ಬೇಕಾದಷ್ಟೇ ಒಣ ಕೈಯಲ್ಲಿ ತೆಗೆಯುತ್ತೇನೆ. ಪುಡಿ ಸುತ್ತಿದ್ದನ್ನು ಕೂಡ ಆ ತಿಂಗಳುಗಳಲ್ಲಿ ಮುಂಚಿತವಾಗಿ ಮಾಡಿಡುವುದಿಲ್ಲ.

ಒಂದು ಸಲ ಆನ್‌ಲೈನ್‌ನಲ್ಲಿ ‘ಶೆಫ್‌ಗಳಿಗೆ ವಿಶೇಷ’ ಅಂತ ಬರೆದಿದ್ದನ್ನು ನಾಲ್ಕು ಪಟ್ಟು ದುಡ್ಡು ಕೊಟ್ಟು ತರಿಸಿದೆ. ಬಂದದ್ದು ಅದೇ ಹಾಳೆ, ಅದೇ ಅಳತೆ, ಕಪ್ಪು ಪೆಟ್ಟಿಗೆ ಮಾತ್ರ ಚೆಂದ. ಜಪಾನಿನಲ್ಲಿ ಇರುವವರು ಅಡುಗೆ ಸಾಮಾನಿನ ಅಂಗಡಿಗೆ ಹೋಗಬೇಡಿ. ಔಷಧಿ ಅಂಗಡಿಯಲ್ಲೇ ಕೇಳಿ, ಅಲ್ಲಿ ಅಗ್ಗ. ದುಂಡನೆಯದರ ಜೊತೆ ಚೀಲದ ಆಕಾರದ್ದೂ ಇರುತ್ತದೆ. ಪುಡಿ ತುಂಬಿ ತಿರುಚಿದರೆ ಆಯಿತು, ಮಡಿಚುವ ಗೋಜಿಲ್ಲ. ಮೊದಲ ಸಲ ತೆಗೆದುಕೊಳ್ಳುವವರಿಗೆ ನಾನು ಅದನ್ನೇ ಹೇಳುವುದು.