ನಾಲ್ಕು ಸ್ಟಾರ್, ಕಾಯಿಸಿದ್ದಕ್ಕೆ ಒಂದು ಕಟ್

"ಮಗುವಿಗೆ ಹಸಿವಾಗಿರುವಾಗ ಕರ್ಕೊಂಡು ಬನ್ನಿ, ನಿಮ್ಮದೇ ಬಾಟಲಿ ತನ್ನಿ" ಎಂದು ಮಕ್ಕಳ ಹಾಲು ಕುಡಿಯುವ, ನುಂಗುವ ತೊಂದರೆ ನೋಡುವ ಹುಬ್ಬಳ್ಳಿಯ ಈ ಥೆರಪಿ ಕ್ಲಿನಿಕ್‌ನವರು ಫೋನಿನಲ್ಲಿ ಹೇಳಿದ್ದರು. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ತಿರ. ಮುಂಡಗೋಡ ದಾಟುವಾಗಲೇ ಮಗಳ ಅಳು ಶುರು. 11 ಗಂಟೆ ಎಂದವರು ಒಳಗೆ ಕರೆದದ್ದು ಹನ್ನೆರಡೂ ಕಾಲಿಗೆ. ಹಸಿದ ಕೂಸನ್ನು ಹೀಗೆ ಕಾಯಿಸುವುದಾ?

ಅದೊಂದು ಬಿಟ್ಟರೆ ದೂರಿಲ್ಲ. ಮಗಳು 32 ವಾರಕ್ಕೇ ಹುಟ್ಟಿದವಳು, ಆಗ ಐದು ತಿಂಗಳು. ಎರಡು ಸಲ ನ್ಯುಮೋನಿಯಾ ಆಗಿತ್ತು. ಒಂದು ಬಾಟಲಿ ಹಾಲಿಗೆ ಮುಕ್ಕಾಲು ಗಂಟೆ, ಹಣೆ ತುಂಬ ಬೆವರು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ. ಆದರೆ ಕೆಮ್ಮು ಇರಲಿಲ್ಲ. ಹಾಗಾಗಿ ಹಾಲು ದಾರಿ ತಪ್ಪಿ ಉಸಿರಿನ ಕೊಳವೆಗೆ ಹೋಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ದೃಷ್ಟಿ ತೆಗೆದದ್ದೇ ತೆಗೆದದ್ದು.

ಇಲ್ಲಿನ ಥೆರಪಿಸ್ಟ್ ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಇರುವ ಆ ಸಂಸ್ಥೆ ಮಾತಿಗೆ, ಕಿವಿಗೆ ಮಾತ್ರ ಎಂದುಕೊಂಡಿದ್ದೆ. ನುಂಗುವುದೂ ಅವರ ಓದಿಗೇ ಸೇರಿದ್ದಂತೆ. ಮೊದಲು ಗ್ಲೌಸ್ ಹಾಕಿದ ಬೆರಳನ್ನು ಚೀಪಿಸಿ ನೋಡಿದರು. ಆಮೇಲೆ "ದಿನಾ ಹೇಗೋ ಹಾಗೇ ಕುಡಿಸಿ" ಎಂದು ಪಕ್ಕದಲ್ಲಿ ಸುಮ್ನೆ ಕೂತರು. ಕುತ್ತಿಗೆಗೆ ಸ್ಟೆತಸ್ಕೋಪ್, ಕಾಲಿಗೆ ಆಕ್ಸಿಜನ್ ಅಳೆಯುವ ಕ್ಲಿಪ್. ಉಸಿರಿಗೆ ಬಿಡುವು ಕೊಡದೆ ಎಷ್ಟು ಸಲ ಚೀಪುತ್ತಾಳೆ ಎಂದು ಎಣಿಸಿದರು. ಅಲ್ಲಿಯವರೆಗೆ ಎಲ್ಲರೂ ಎದೆ ನೋಡಿದ್ದರು. ಕುಡಿಯುವುದನ್ನು ಕೂತು ನೋಡಿದವರು ಇವರೇ ಮೊದಲು.

ಒಳಲೆಯಲ್ಲೂ ಹಾಲು ಹಾಕುತ್ತೇವೆ ಎಂದು ಅತ್ತೆ ಅಳುಕುತ್ತಲೇ ಬಾಯಿಬಿಟ್ಟರು. ಬೈಯಲಿಲ್ಲ. "ಹೇಗೆ ಹಾಕ್ತೀರಿ, ತೋರಿಸಿ ಅಮ್ಮಾ" ಎಂದು ಗೊಂಬೆ ಕೊಟ್ಟರು. ಅತ್ತೆ ಕಾಲ ಮೇಲೆ ಮಲಗಿಸಿ ಸುರಿದು ತೋರಿಸಿದರು. ಒಳಲೆ ತಪ್ಪಲ್ಲ, ಸುರಿಯುವುದು ತಪ್ಪು, ತಲೆ ಎತ್ತರಿಸಿ ತುಟಿಗೆ ತಾಗಿಸಿದರೆ ಮಗುವೇ ಹೀರುತ್ತದೆ ಎಂದರು. ಅತ್ತೆ ಈಗ ಊರಿಗೆಲ್ಲ ಇದನ್ನೇ ಹೇಳುತ್ತಿದ್ದಾರೆ.

ಮರುವಾರ ಎಕ್ಸ್‌ರೇ ವಿಡಿಯೋ. ಅದು ಬೇರೆ ಕಡೆ, ಬಿಲ್ಲೂ ಬೇರೆ. ಮೊದಲೇ ಹೇಳಬಹುದಿತ್ತು ಅಲ್ವಾ? ಹಾಲು ಇಳಿಯುವುದು ಎಕ್ಸ್‌ರೇಯಲ್ಲಿ ಕಾಣಲೆಂದು ಅದಕ್ಕೆ ಬೇರಿಯಂ ಬೆರೆಸಿ ಕುಡಿಸಿದರು. ವಿಕಿರಣ ಜಾಸ್ತಿ ಆಗಬಾರದೆಂದು ಕೆಲವೇ ನಿಮಿಷದಲ್ಲಿ ಮುಗಿಸಿದರು. ಪರದೆಯ ಮೇಲೆ ಕಪ್ಪಗೆ ಇಳಿಯುತ್ತಿದ್ದ ಹಾಲಿನ ಒಂದು ಎಳೆ ಉಸಿರಿನ ಕೊಳವೆಗೆ ಜಾರಿತು. ಮಗಳು ಕೆಮ್ಮಲೇ ಇಲ್ಲ. ನನ್ನ ಕೈಕಾಲು ತಣ್ಣಗಾಯಿತು. ನಿಧಾನ ಹರಿಯುವ ನಿಪ್ಪಲ್ ಹಾಕಿ, ಮಗ್ಗುಲಾಗಿ ಮಲಗಿಸಿ ಕುಡಿಸಿದಾಗ ಜಾರಲಿಲ್ಲ.

ಈಗ ಮೂರ್ನಾಲ್ಕು ಸಲ ಚೀಪಿದ ಮೇಲೆ ಬಾಟಲಿ ತಗ್ಗಿಸುತ್ತೇನೆ, ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ಹಾಲು 25 ನಿಮಿಷಕ್ಕೆ ಮುಗಿಯುತ್ತದೆ. ಶಿರಸಿ, ಯಲ್ಲಾಪುರ ಕಡೆಯವರು ದಿನದ ಮೊದಲ ಅಪಾಯಿಂಟ್‌ಮೆಂಟನ್ನೇ ಕೇಳಿ.